ನಾನೂರ ಹನ್ನೆರಡು, ನಾನೂರ ಹದಿಮೂರರ ಮಹಾಸಮರ

ಕಲಿಯುಗದ ಪ್ರಥಮ ಪಾದದಲ್ಲಿ, ಜಂಬೂದ್ವೀಪದ ತುಮಕೂರು ಪಟ್ಟಣದಲ್ಲಿ, ಹಸಿ ಸಿಮೆಂಟಿನ ವಾಸನೆ ಇನ್ನೂ ಆರದ ನೂತನ ಗೃಹವೊಂದರ ಹಾಲಿನ ಪೂರ್ವಭಿತ್ತಿಯ ಮುಂದೆ ನಡೆದ ಘೋರ ಸಮರವನ್ನು ಹೇಳಹೊರಟಿದ್ದೇನೆ. ಎಲೈ ವರ್ಣಾಧಿದೇವತೆಯೇ, ನನ್ನ ಮಾತು ತಪ್ಪದಂತೆ ಕಾಪಾಡು. ಏಕೆಂದರೆ ಆ ಎರಡು ವರ್ಣಗಳು ನನಗೆ ಇಂದಿಗೂ ಒಂದೇ ಆಗಿ ಕಾಣುತ್ತವೆ.

ಒಂದು ಪಕ್ಷದಲ್ಲಿ ಚನ್ನಕೇಶವ: ಮ್ಯಾಚಿಂಗ್ ಸೆಂಟರಿನಲ್ಲಿ ಇಪ್ಪತ್ತೆರಡು ವರ್ಷ ನಿಂತು, ಸಹಸ್ರ ಸೀರೆಗಳಿಗೆ ಸಹಸ್ರ ರವಿಕೆ ಬಟ್ಟೆಗಳನ್ನು ಕಣ್ಣಳತೆಯಲ್ಲೇ ಹೊಂದಿಸಿದ ಅಮೋಘದೃಷ್ಟಿ. ಎದುರು ಪಕ್ಷದಲ್ಲಿ ಅವನ ಧರ್ಮಪತ್ನಿ ಪಂಕಜಾಕ್ಷಿ: ಹನ್ನೊಂದು ಬಾಡಿಗೆ ಮನೆಗಳಲ್ಲಿ ಹನ್ನೊಂದು ಮಾಲೀಕರ ಬಣ್ಣಗಳನ್ನು ಸಹಿಸಿದ ವಜ್ರಹೃದಯೆ. ಕುಂಚಪಾಣಿಯಾದ ಅನ್ವರಣ್ಣ ಗೋಡೆಯ ಮೇಲೆ ಅಂಗೈಯಗಲದ ಎರಡು ಪಟ್ಟಿ ಬಳಿದು, ಎಡದ್ದು ಶೇಡ್ ನಂಬರ್ ನಾನೂರ ಹನ್ನೆರಡು, ಬಲದ್ದು ನಾನೂರ ಹದಿಮೂರು ಎಂದು ಘೋಷಿಸಿ, ಬೀಡಿ ಹಚ್ಚಲು ಹೊರಗೆ ನಡೆದನು. ಎರಡೂ ಮಜ್ಜಿಗೆಗೆ ಒಂದೆಲೆ ಪುದೀನ ಅರೆದು ಹಾಕಿದಂಥ ತಿಳಿನೀಲಿಹಸಿರು.

ಹದಿಮೂರರಲ್ಲಿ ಸಾಸಿವೆಯಷ್ಟು ನೀಲಿ ಹೆಚ್ಚಿದೆ, ಆದ್ದರಿಂದ ಅದೇ ಶ್ರೇಷ್ಠವೆಂದು ಚನ್ನಕೇಶವ ಗರ್ಜಿಸಿದನು; ಕನಕಾಂಬರಕ್ಕೂ ಕಿತ್ತಳೆಗೂ ಇರುವ ಭೇದವನ್ನು ಕರೆಂಟು ಹೋದಾಗಲೂ ಹೇಳಬಲ್ಲ ಕಣ್ಣಿದು ಎಂದು ಎದೆ ತಟ್ಟಿಕೊಂಡನು. ಅದು ಆಸ್ಪತ್ರೆಯ ಹೆರಿಗೆ ವಾರ್ಡಿನ ಬಣ್ಣವೆಂಬ ದಿವ್ಯಾಸ್ತ್ರವನ್ನು ಪಂಕಜಾಕ್ಷಿ ಪ್ರಯೋಗಿಸಿದಳು. ಕಿಟಕಿ ತೆರೆದು ನೋಡಿದರು, ಮುಚ್ಚಿ ನೋಡಿದರು, ಟ್ಯೂಬ್‌ಲೈಟ್ ಹಾಕಿ ನೋಡಿದರು. ಹೊರಗೆ ಮೂರನೆಯ ಬೀಡಿ ಮುಗಿಯಿತು. ನಾಲ್ಕನೆಯದು ಎನ್ನುವವರೂ ಇದ್ದಾರೆ.

ಆಗ ಪಂಕಜಾಕ್ಷಿ ದನಿ ತಗ್ಗಿಸಿದಳು. “ರೀ, ಊರೋರ ರವಿಕೆಗೆಲ್ಲ ನೀವೇ ಬಣ್ಣ ಆರಿಸಿದ್ರಿ. ನಾನು ಒಂದು ಮೊಳೆ ಹೊಡೀಬೇಕಾದ್ರೂ ಓನರ್‌ನ ಕೇಳ್ಕೊಂಡು ಬಂದೋಳು. ಈ ಗೋಡೆ ಒಂದು ನಂಗೆ ಬಿಡಿ.”

ಅಮೋಘದೃಷ್ಟಿಯು ಟ್ಯೂಬ್‌ಲೈಟ್ ಆಫ್ ಮಾಡಿದನು. ಆಮೇಲೆ ಬಾಗಿಲಿಗೆ ಬಂದು, “ಅನ್ವರಣ್ಣ, ಹನ್ನೆರಡೇ ಹೊಡೀರಿ,” ಎಂದನು.

ಎರಡು ಕೋಟಿನಲ್ಲಿ ಗೋಡೆ ಹನ್ನೆರಡಾಯಿತು. ಇನ್ನು ಯಾರ ಅಪ್ಪಣೆಯೂ ಬೇಡದ ಆ ವಿಜಯಿನಿ ಸುತ್ತಿಗೆ ಹಿಡಿದು ಒಂದೇ ದಿನದಲ್ಲಿ ಇಪ್ಪತ್ತಾರು ಮೊಳೆ ಹೊಡೆದಳು. ಮದುವೆ ಫೋಟೋ, ಅತ್ತೆ ಮಾವಂದಿರ ಫೋಟೋ, ಗಡಿಯಾರ, ತಾನೇ ಹಾಕಿದ ಕೃಷ್ಣನ ಕಸೂತಿ, ಐದು ಅಂಗಡಿಗಳ ಕ್ಯಾಲೆಂಡರು, ಸಾಲು ಸಾಲು ದೇವರ ಪಟ, ಎಲ್ಲವೂ ಗೋಡೆಯೇರಿದವು. ಮಿಕ್ಕ ಜಾಗಕ್ಕೆ ಬೀರು ಬಂದು ನಿಂತಿತು.

ಗೃಹಪ್ರವೇಶವಾದ ವಾರಕ್ಕೆ ಪಕ್ಕದ ಮನೆಯ ಗಿರಿಜಮ್ಮ ಬಂದು, ಕಾಫಿ ಕುಡಿಯುತ್ತ, ಹಾಲಿಗೆ ಯಾವ ಬಣ್ಣ ಹೊಡೆಸಿದಿರೆಂದು ವಿಚಾರಿಸಿದರು. ಪಂಕಜಾಕ್ಷಿ ಎದ್ದು, ಒಂದು ಕ್ಯಾಲೆಂಡರನ್ನು ಎರಡೂ ಕೈಯಿಂದ ಎತ್ತಿ ಹಿಡಿದಳು. ಗಿರಿಜಮ್ಮ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದರು.

“ಓ, ಬಿಳೀನೇ ಹೊಡ್ಸಿದೀರಾ. ಒಳ್ಳೇದಾಯ್ತು ಬಿಡಿ.”