ಹಸಿರು ಇಂಕಿನ ಮೊಟ್ಟೆಗಳು

ಇಂದುಧರಪ್ಪನವರಿಗೆ ಬದುಕಿನಲ್ಲಿ ಎರಡು ಕೊರಗು. ಒಂದು, ಮೂವತ್ತಾರು ವರ್ಷ ಸರ್ಕಾರಿ ಕೆಲಸ ಮಾಡಿದರೂ ಹಸಿರು ಇಂಕಿನಲ್ಲಿ ಸಹಿ ಹಾಕುವ ಯೋಗ ಕೂಡಿ ಬರಲಿಲ್ಲ. ಅದು ಗೆಜೆಟೆಡ್ ಅಧಿಕಾರಿಗಳಿಗೆ ಮಾತ್ರ ಸಲ್ಲುವ ಬಣ್ಣ. ಇವರು ಹೆಡ್ ಕ್ಲರ್ಕಾಗಿಯೇ ಹಾರ ಹಾಕಿಸಿಕೊಂಡು ಮನೆಗೆ ಬಂದರು. ಎರಡು, ಆ ಬಣ್ಣ ಇವರ ಕಿರಿಯ ಸಹೋದ್ಯೋಗಿ ಕರಿಬಸವಯ್ಯನವರಿಗೆ ದಕ್ಕಿತು. ಜ್ಯೇಷ್ಠತಾ ಪಟ್ಟಿಯಲ್ಲಿ ಇವರು ಏಳನೆಯವರು, ಅವರು ಹನ್ನೊಂದನೆಯವರು. ಹನ್ನೊಂದು ಏಳನ್ನು ಹೇಗೆ ದಾಟಿ ಹೋಯಿತು ಎಂದು ಇಂದುಧರಪ್ಪನವರು ಇವತ್ತಿಗೂ ಊಟದ ನಡುವೆ ತುತ್ತು ಕೈಯಲ್ಲಿ ಹಿಡಿದು ಯೋಚಿಸುವುದುಂಟು. (ಯಾವ ಕಚೇರಿ ಎಂದು ಕೇಳಬೇಡಿ. ಇವರು ನಿವೃತ್ತರಾದ ಮೇಲೆ ಅಲ್ಲಿಯವರು ಈಗಷ್ಟೇ ಸುಧಾರಿಸಿಕೊಳ್ಳುತ್ತಿದ್ದಾರೆ.)

ಅರಸೀಕೆರೆಯ ಅಂಚಿನಲ್ಲಿ ಮನೆ, ಮನೆಯ ಹಿಂದೆ ನಲವತ್ತು ತೆಂಗಿನ ಮರ, ಮರಗಳ ನಡುವೆ ಒಂದು ತಿಪ್ಪೆಗುಂಡಿ. ತೆಂಗಿನ ಸುಳಿ ಕೊರೆಯುವ ದುಂಬಿ ಇದೆಯಲ್ಲ, ಅದರ ಹುಳುಗಳು ಬೆಳೆಯುವುದು ಈ ತಿಪ್ಪೆಯಲ್ಲಿ. ತೆಂಗು ಬೆಳೆಗಾರರ ಒಂದು ಸಭೆಯಲ್ಲಿ ಯಾರೋ ಭಾಷಣಕಾರರು "ನಾಲ್ಕು ಕೋಳಿ ಬಿಡಿ, ತಿಪ್ಪೆ ಕೆದಕಿ ಹುಳುಗಳ ವಂಶವನ್ನೇ ನಿರ್ನಾಮ ಮಾಡುತ್ತವೆ" ಎಂದರು. ನಿವೃತ್ತಿಯಾದ ಮೇಲೆ ಕೈಕೆಳಗೆ ಯಾರೂ ಇಲ್ಲದೆ ಬೇಸತ್ತಿದ್ದ ಇಂದುಧರಪ್ಪನವರಿಗೆ ಮೈಯೆಲ್ಲ ಕಿವಿಯಾಯಿತು.

"ಕೋಳಿ ಸಾಕೋಣ ಅಂತಿದೀನಿ ಕಣೇ" ಎಂದರು, ಮನೆಗೆ ಬಂದವರೇ.

ಕಾಯಿ ತುರಿಯುತ್ತಿದ್ದ ಮಹದೇವಮ್ಮನವರ ಕೈ ನಿಂತಿತು. "ಏನು ಸಾಕೋಣ?"

"ಕೋಳಿ."

"ಲಿಂಗ ಕಟ್ಕೊಂಡಿರೋ ಮನೇಲಿ? ನಮ್ಮತ್ತೆ ಬದುಕಿದ್ದಾಗ ಈರುಳ್ಳಿ ಹೆಚ್ಚೋಕೂ ಹಿತ್ತಲಿಗೆ ಕಳಿಸ್ತಿದ್ರು, ನೆನಪಿದೆಯಾ?"

"ತಿನ್ನೋಕಲ್ವೇ, ಹುಳ ತಿನ್ಸೋಕೆ. ಅವು ನಮ್ಮ ಸಿಬ್ಬಂದಿ ಅಂತ ತಿಳ್ಕೋ."

"ಸಿಬ್ಬಂದಿ ಮೊಟ್ಟೆ ಇಟ್ರೆ?"

"ಮರಿ ಮಾಡಿಸೋದು. ತಳಿ ಅಭಿವೃದ್ಧಿ. ಇಡೀ ತಾಲ್ಲೂಕಿಗೆ ಒಳ್ಳೇ ನಾಟಿ ಮರಿ ಕೊಡೋದು."

ಮಹದೇವಮ್ಮನವರು ಗಂಡನ ಮುಖ ನೋಡಿದರು. ಮೂವತ್ತನಾಲ್ಕು ವರ್ಷ ನೋಡಿದ ಮುಖ. ಹಿಡಿದದ್ದನ್ನು ಬಿಡುವ ಮುಖವಲ್ಲ. ಕೊನೆಗೆ ಷರತ್ತು ಹಾಕಿದರು. "ಮೊಟ್ಟೆ ಮುಟ್ಟಿದ ಕೈಲಿ ನನ್ನ ಅಡುಗೆಮನೆ ಹೊಸಲು ತುಳಿಯಂಗಿಲ್ಲ. ಪ್ರತಿ ಸಲಾನೂ ತಲೆ ಮೇಲೆ ನೀರು ಹಾಕ್ಕೊಂಡೇ ಒಳಗೆ ಬರ್ಬೇಕು. ಆ ಮೊಟ್ಟೆಗಳೂ ಅಷ್ಟೇ, ಒಳಗೆ ಬರೋದಾದ್ರೆ ಸ್ನಾನ ಮಾಡ್ಕೊಂಡು ಬರ್ಲಿ."

ಐದು ಹೇಂಟೆ, ಒಂದು ಹುಂಜ ಕೊಟ್ಟವರು ಬೇಲಿಯಾಚೆ ಮನೆಯ ಕಮಲಾಕ್ಷಮ್ಮ. ಎಪ್ಪತ್ತರ ಹತ್ತಿರದ ಹೆಂಗಸು, ಹುಟ್ಟಿದಾಗಿನಿಂದ ಕೋಳಿಯ ಜೊತೆಗೇ ಬೆಳೆದವಳು. ಅವಳಿಗೂ ಇಂದುಧರಪ್ಪನವರಿಗೂ ಹಳೆಯ ಪರಿಚಯ. ಕೆಲವು ವರ್ಷದ ಹಿಂದೆ ಅವಳ ವಿಧವಾ ವೇತನ ಇದ್ದಕ್ಕಿದ್ದಂತೆ ನಿಂತುಹೋಗಿತ್ತು. ಕಚೇರಿಗೆ ಬಂದು ಕೇಳಿದರೆ, ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ 'ಮೃತ' ಎಂದು ಬರೆದಿತ್ತು. "ಇಲ್ಲೇ ನಿಂತಿವ್ನಲ್ಲ ಸಾಮಿ" ಎಂದಳು. ಇಂದುಧರಪ್ಪನವರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿ, "ನೀನು ಬದುಕಿರೋದು ನನಗೆ ಕಾಣ್ತಿದೆಯಮ್ಮ, ಪುಸ್ತಕಕ್ಕೆ ಕಾಣ್ತಿಲ್ಲ. ಬದುಕಿದ್ದೀಯ ಅಂತ ಸರ್ಟಿಫಿಕೇಟ್ ತಾ. ಗೆಜೆಟೆಡ್ ಅಧಿಕಾರಿ ಹಸಿರು ಇಂಕಲ್ಲಿ ಸಹಿ ಮಾಡಿರ್ಬೇಕು" ಎಂದಿದ್ದರು. ತಾನು ಸತ್ತಿಲ್ಲ ಎಂದು ಸಾಬೀತು ಮಾಡಲು ಕಮಲಾಕ್ಷಮ್ಮ ನಾಲ್ಕು ತಿಂಗಳು ಅಲೆದಳು. ಅದನ್ನೆಲ್ಲ ಅವಳು ಮರೆತಿದ್ದಾಳೆ, ಪಾಪ ಒಳ್ಳೆಯ ಹೆಂಗಸು ಎಂದು ಇಂದುಧರಪ್ಪನವರು ನಂಬಿದ್ದರು.

ಕೋಳಿಗಳು ಬಂದ ದಿನವೇ ಪೇಟೆಗೆ ಹೋಗಿ ಒಂದು ದಪ್ಪ ರಿಜಿಸ್ಟರು, ಒಂದು ಬಾಟಲಿ ಹಸಿರು ಇಂಕು, ಒಂದು ಹೊಸ ಪೆನ್ನು ತಂದರು. ಕೋಳಿಗಳಿಗೆ ಒಂದರಿಂದ ಐದರವರೆಗೆ ನಂಬರು ಬಿತ್ತು. (ಹುಂಜಕ್ಕೆ ನಂಬರಿಲ್ಲ, ಅದು ಕೆಲಸ ಮಾಡದೆ ಕೂಗುತ್ತಿದ್ದುದರಿಂದ ಅದನ್ನು ಜನಪ್ರತಿನಿಧಿ ಎಂದು ಪರಿಗಣಿಸಲಾಯಿತು.) ಪ್ರತಿ ಮೊಟ್ಟೆಯನ್ನೂ ಸೀಗೆಪುಡಿ ಹಾಕಿ ಉಜ್ಜಿ ತೊಳೆದು, ಒರೆಸಿ, ಅದರ ಮೇಲೆ ಕೋಳಿಯ ನಂಬರು, ತಾರೀಖು, ಕೆಳಗೆ ಹಸಿರು ಇಂಕಿನಲ್ಲಿ ಪೂರ್ತಿ ಸಹಿ. ಮೊದಲ ಮೊಟ್ಟೆಗೆ ಸಹಿ ಹಾಕುವಾಗ ಅವರ ಕಣ್ಣು ಒದ್ದೆಯಾಯಿತು.

"ಸರ್ಕಾರ ಕೊಡ್ದೇ ಇದ್ದಿದ್ದನ್ನ ಕೋಳಿ ಕೊಡ್ತು ಬಿಡಿ" ಎಂದರು ಮಹದೇವಮ್ಮ.

ಕಷ್ಟವಿದ್ದದ್ದು ಸ್ನಾನದ್ದು. ಐದು ಕೋಳಿಗಳೂ ಮಾತಾಡಿಕೊಂಡವರ ಹಾಗೆ ಬೇರೆ ಬೇರೆ ಹೊತ್ತಿನಲ್ಲಿ ಮೊಟ್ಟೆಯಿಟ್ಟು ಊರಿಗೆಲ್ಲ ಕೇಳುವಂತೆ ಕೊಕ್ಕರಿಸುತ್ತಿದ್ದವು. ಒಂದು ಕೂಗು, ಒಂದು ಮೊಟ್ಟೆ, ಒಂದು ಸಹಿ, ಒಂದು ಸ್ನಾನ. ಮಾರ್ಗಶಿರದ ಚಳಿಯಲ್ಲಿ ದಿನಕ್ಕೆ ನಾಲ್ಕು ಸಲ ಮಿಂದು ಇಂದುಧರಪ್ಪನವರ ಮೂಗು ಸೋರಲು ಶುರುವಾಯಿತು. ಅವರನ್ನು ಹುಡುಕಿಕೊಂಡು ಯಾರಾದರೂ ಬಂದರೆ ಮಹದೇವಮ್ಮ "ಬಚ್ಚಲಲ್ಲಿದಾರೆ" ಎಂದು ಕೇಳುವ ಮೊದಲೇ ಹೇಳಿಬಿಡುತ್ತಿದ್ದರು.

ಹೀಗೆ ನಲವತ್ತು ದಿನ ಕಳೆಯಿತು. ಹಳೆಯ ಕಾಗದಪತ್ರ ಇಡುವ ಮರದ ರ‍್ಯಾಕಿನಲ್ಲಿ ಮೊಟ್ಟೆಗಳು ತಾರೀಖಿನ ಪ್ರಕಾರ ಸಾಲಾಗಿ ಕೂತವು. ಆಗ ಒಂದು ಬೆಳಿಗ್ಗೆ ಎರಡನೇ ನಂಬರಿನ ಕೋಳಿ ಗೂಡಿನಿಂದ ಏಳಲೇ ಇಲ್ಲ. ಕೈ ಹಾಕಿದರೆ ಗರಿ ಕೆದರಿ, ಗುರ್ ಎಂದು, ಸಹಿ ಮಾಡುವ ಬೆರಳನ್ನೇ ಹುಡುಕಿ ಕುಕ್ಕಿತು.

"ಧರಣಿ ಕೂತಿದೆ!" ಎಂದು ಇಂದುಧರಪ್ಪನವರು ಕೂಗಿದರು.

ಬೇಲಿಯಾಚೆಯಿಂದ ಕಮಲಾಕ್ಷಮ್ಮ ಇಣುಕಿದಳು. "ಧರಣಿ ಅಲ್ಲ ಸಾಮಿ, ಅದು ಕಾವಿಗೆ ಕುಂತೈತೆ. ಒಳ್ಳೇದೇ ಆಯ್ತು. ಹತ್ತು ದಿನದೊಳಗಿನ ಮೊಟ್ಟೆ ಹದಿಮೂರು ಆರಿಸ್ಕಳಿ. ತೊಳೆದಿರೋವು ಬ್ಯಾಡ. ಮಂಕರಿಗೆ ಹುಲ್ಲು ಹಾಕಿ ಮೊಟ್ಟೆ ಇಡಿ, ಸಂಜೆ ದೀಪ ಹಚ್ಚಿದ್ ಮ್ಯಾಲೆ ಕೋಳೀನ ಮೆತ್ತಗೆ ಎತ್ತಿ ಕೂರ್ಸಿ. ಇಪ್ಪತ್ತೊಂದು ದಿನಕ್ಕೆ ಮರಿ."

"ಹತ್ತು ದಿನದೊಳಗಿನವೇ? ಹಾಗಾದ್ರೆ ನಲವತ್ತು ದಿನದಿಂದ ಕಾಯ್ತಾ ಇರೋವು?"

"ಅವು ಇನ್ನೇನೂ ಆಗಲ್ಲ ಸಾಮಿ. ಎಸೀರಿ."

ಇಂದುಧರಪ್ಪನವರ ಮುಖ ಕೆಂಪಾಯಿತು. ಕೋಳಿಯ ಮಾತಾಗಿದ್ದರೆ ಕೇಳುತ್ತಿದ್ದರೇನೋ, ಇದು ನ್ಯಾಯದ ಮಾತು. "ನೋಡಮ್ಮ, ಮೊದಲು ಬಂದೋರನ್ನ ಮೂಲೇಲಿ ಕೂರಿಸಿ ನಿನ್ನೆ ಮೊನ್ನೆ ಬಂದೋರನ್ನ ಮುಂದಕ್ಕೆ ತಳ್ಳೋದು ಎಲ್ಲಾ ಕಡೆ ನಡೆದಿರ್ಬಹುದು. ನನ್ನ ಹಿತ್ತಲಲ್ಲಿ ನಡೆಯೋದಿಲ್ಲ. ಜ್ಯೇಷ್ಠತೆ ಅಂದ್ರೆ ಜ್ಯೇಷ್ಠತೆ!"

ಪಟ್ಟಿಯ ಪ್ರಕಾರ ಅತಿ ಹಳೆಯ ಹದಿಮೂರು ಮೊಟ್ಟೆಗಳು ಮಂಕರಿಗೆ ಬಡ್ತಿ ಪಡೆದವು. ಸಂಜೆ ಕೂರಿಸುವ ಮಾತಂತೂ ಅವರ ಕಿವಿಗೆ ಬೀಳಲಿಲ್ಲ. ಐದೂವರೆಯ ಮೇಲೆ ಕೆಲಸ ಮಾಡಿ ಅವರಿಗೆ ಅಭ್ಯಾಸವೇ ಇರಲಿಲ್ಲ. ಬೆಳಿಗ್ಗೆ ಹನ್ನೊಂದು ಗಂಟೆಗೆ, ಬೆಳ್ಳನೆ ಬಿಸಿಲಲ್ಲಿ ಕೋಳಿಯನ್ನು ಎತ್ತಿ ತಂದರು. ಅದು ನಾಲ್ಕು ಸಲ ಹಾರಿ ಹೋಯಿತು, ನಾಲ್ಕು ಸಲ ತೋಟವೆಲ್ಲ ಓಡಿ ಹಿಡಿದು ತಂದರು. ಕೊನೆಗೆ ಮೇಲೊಂದು ಮಂಕರಿ ಕವುಚಿ, ಅದರ ಮೇಲೆ ಗುಂಡುಕಲ್ಲು ಇಟ್ಟ ಮೇಲೆ ಕರ್ತವ್ಯಕ್ಕೆ ಹಾಜರಾಯಿತು. ದಿನಕ್ಕೊಂದು ಸಲ ಕಲ್ಲು ಸರಿಸಿ ಮೇವು ನೀರಿಗೆಂದು ಹತ್ತು ನಿಮಿಷ ವಿರಾಮ ಕೊಡುತ್ತಿದ್ದರು.

ಅದನ್ನು ನೋಡಿ ಮೂರನೇ ನಂಬರೂ ಕಾವಿಗೆ ಕೂತಿತು. ಮಂಜೂರಾದ ಹುದ್ದೆ ಒಂದೇ ಎಂದು ಇಂದುಧರಪ್ಪನವರು ಅದನ್ನು ಎಬ್ಬಿಸಲು ನಿಂತರು. ನೀರಿನ ತೊಟ್ಟಿಯಲ್ಲಿ ಅದರ ಹೊಟ್ಟೆ ಅದ್ದಿದರು. ಒದ್ದೆ ಹೊಟ್ಟೆಯಲ್ಲೇ ಹೋಗಿ ಕೂತಿತು. ಗೂಡಿನ ಹುಲ್ಲು ತೆಗೆದರು. ಬರೀ ಹಲಗೆಯ ಮೇಲೆ ಕೂತಿತು. ಕೊನೆಗೆ ಅದರ ಮುಂದೆ ನಿಂತು ನೋಟಿಸು ಓದಿದರು.

"ಏಳಲ್ಲ ಕಣ್ರೀ ಅದು" ಎಂದರು ಮಹದೇವಮ್ಮ. "ನೀವು ಫೈಲಿನ ಮೇಲೆ ಕೂತಾಗ ಜನ ಎಷ್ಟು ಬೇಡ್ಕೊಂಡ್ರು, ಎದ್ರಾ?"

ಈ ಕಾವಿನ ಗಲಾಟೆಯೆಲ್ಲ ಶುರುವಾಗುವ ಎರಡು ದಿನ ಮೊದಲೇ ನಾಲ್ಕನೇ ನಂಬರಿನ ಕೋಳಿ ಕಾಣೆಯಾಗಿತ್ತು. ಇಂದುಧರಪ್ಪನವರು ನಿಯಮದಂತೆ ಮೂರು ದಿನ ಕಾದರು. ಬೇಲಿಯ ಹತ್ತಿರ ಎರಡು ಗರಿ ಸಿಕ್ಕವು. ರಿಜಿಸ್ಟರು ತೆಗೆದು ಹಸಿರು ಇಂಕಿನಲ್ಲಿ ದುಂಡಗೆ ಬರೆದರು: 'ಕೋಳಿ ನಂ. 4. ಮುಂಗುಸಿಯ ದಾಳಿಯಿಂದ ಮೃತ. ಕಡತ ಮುಕ್ತಾಯ.' ಕೆಳಗೆ ಸಹಿ.

ಒಂದು ವಾರ ಕಳೆದು ಮಹದೇವಮ್ಮ ಬಂದರು. "ರೀ, ಆ ನಾಲ್ಕನೇ ನಂಬರ್ ಕೋಳಿ ಇದೆಯಲ್ಲ..."

"ಇಲ್ಲ. ಮುಗಿದ ಕಡತ ಅದು."

"ಅಲ್ಲ, ನಾನು ಹೇಳೋದು ಕೇಳಿ..."

"ಹೇಳೋದೇನಿದ್ರೂ ಬರೆದು ಕೊಡು. ಬಾಯಿ ಮಾತಿಗೆ ಬೆಲೆ ಇಲ್ಲ."

"ಹಂಗಂದ್ರಾ? ಸರಿ ಬಿಡಿ" ಎಂದು ಮಹದೇವಮ್ಮ ಸೆರಗು ಸಿಕ್ಕಿಸಿಕೊಂಡು ಹೊರಟುಹೋದರು.

ಇಷ್ಟಾದ ಮೇಲೆ ಸುಮ್ಮನಿದ್ದಿದ್ದರೆ ಮನೆಯ ಮಾತು ಮನೆಯಲ್ಲೇ ಉಳಿಯುತ್ತಿತ್ತು. ಆದರೆ ಇಂದುಧರಪ್ಪನವರ ಕನಸಿನಲ್ಲಿ ಮರಿಗಳಿಗಿಂತ ಮುಂಚೆ ಕಾಣುತ್ತಿದ್ದದ್ದು ಕರಿಬಸವಯ್ಯ. ನಿವೃತ್ತಿಯ ನಂತರ ಬೇಲೂರಿನಲ್ಲಿ ನೆಲೆಸಿದ್ದ ಅವರಿಗೂ ತೋಟವಿತ್ತು, ತಿಪ್ಪೆಯಿತ್ತು, ಹುಳುಗಳ ಕಾಟವಿತ್ತು. ಇವರು ಫೋನು ಹಚ್ಚಿದರು. "ಭಾನುವಾರ ಹನ್ನೊಂದಕ್ಕೆ ಬನ್ನಿ. ಇಪ್ಪತ್ತೊಂದನೇ ದಿನ. ನಿಮಗೆ ನಾಲ್ಕು ಜೊತೆ ಮರಿ ನನ್ನ ಕೈಯಾರೆ ಕೊಡ್ತೀನಿ. ಜ್ಯೇಷ್ಠತೆ ಪ್ರಕಾರ ನಡೆದ್ರೆ ಫಲ ಹೇಗೆ ಬರುತ್ತೆ ಅಂತ ನೀವು ಕಣ್ಣಾರೆ ನೋಡ್ಬೇಕು." ಇಪ್ಪತ್ತು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಅದು. ಆಡಿದ ಮೇಲೆ ಅಂದು ರಾತ್ರಿ ಒಂದು ಮುದ್ದೆ ಹೆಚ್ಚಿಗೆ ಉಂಡರು.

ಭಾನುವಾರ ಕರಿಬಸವಯ್ಯನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮರಿ ಒಯ್ಯಲು ಒಂದು ಬುಟ್ಟಿ ಹಿಡಿದು ಬಂದರು. ಹಿತ್ತಲಲ್ಲಿ ಕುರ್ಚಿ ಹಾಕಲಾಯಿತು. ಕಮಲಾಕ್ಷಮ್ಮ ಕರೆಯದೆಯೇ ಬಂದು ಕೊಬ್ಬರಿಮನೆಯ ಗೋಡೆಗೆ ಒರಗಿ ನಿಂತಳು. ತೆಂಗಿನಕಾಯಿಗಳನ್ನು ಒಣಗಿ ಕೊಬ್ಬರಿಯಾಗಲೆಂದು ವರ್ಷಗಟ್ಟಲೆ ಅಟ್ಟದ ಮೇಲೆ ಬಿಟ್ಟಿರುವ ಕೊಟ್ಟಿಗೆ ಅದು. ಕಾಯಿ ಇಳಿಸುವ ಕಾಲ ಬರುವವರೆಗೆ ಅತ್ತ ಇಂದುಧರಪ್ಪನವರು ತಲೆ ಹಾಕುವವರಲ್ಲ.

ಹನ್ನೊಂದಕ್ಕೆ ಸರಿಯಾಗಿ ಗುಂಡುಕಲ್ಲು ಸರಿಸಿ ಮಂಕರಿ ಎತ್ತಿದರು. ಎರಡನೇ ನಂಬರು ಬಡಕಲಾಗಿ ಎದ್ದು ಸೀದಾ ನೀರಿನ ಕಡೆ ಓಡಿತು. ಹುಲ್ಲಿನಲ್ಲಿ ಹದಿಮೂರು ಮೊಟ್ಟೆ, ಹದಿಮೂರು ಹಸಿರು ಸಹಿ. ಒಂದರಲ್ಲೂ ಬಿರುಕಿಲ್ಲ.

"ಅಕ್ಷರ ಮುದ್ದಾಗಿದೆ" ಎಂದರು ಕರಿಬಸವಯ್ಯ.

ಹನ್ನೊಂದೂಕಾಲಾಯಿತು. ಹನ್ನೊಂದೂವರೆಯಾಯಿತು. ಮಹದೇವಮ್ಮ ಎರಡನೇ ಸಲ ಕಾಫಿ ತಂದರು. ಕಮಲಾಕ್ಷಮ್ಮ ಬಗ್ಗಿ ಒಂದು ಮೊಟ್ಟೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಮೆಲ್ಲಗೆ ವಾಪಸಿಟ್ಟಳು. "ಒಳಗೆ ನೀರಾಡ್ತೈತೆ ಸಾಮಿ. ಯಾವಾಗ್ಲೋ ಕೆಟ್ಟೋಗವೆ. ಮುಟ್ಟಬ್ಯಾಡಿ."

"ಪರಿಶೀಲನೆಯಲ್ಲಿದೆ" ಎಂದು ಇಂದುಧರಪ್ಪನವರು ಮೊದಲನೇ ತಾರೀಖಿನ, ಎಲ್ಲಕ್ಕಿಂತ ಹಿರಿಯ ಮೊಟ್ಟೆಯನ್ನೇ ಕೈಗೆತ್ತಿಕೊಂಡು ಬಿಸಿಲಿಗೆ ಹಿಡಿದರು.

ಅದು ಡಬ್ ಎಂದು ಒಡೆಯಿತು.

ಮುಖ, ಕನ್ನಡಕ, ಅಂಗಿ, ವಿಭೂತಿ ಒಂದನ್ನೂ ಬಿಡದೆ ಆವರಿಸಿದ ಆ ದುರ್ವಾಸನೆಯನ್ನು ಇಲ್ಲಿ ವರ್ಣಿಸುವುದಿಲ್ಲ. ಹುಂಜ ಕೂಡ ಕೂಗುವುದನ್ನು ಅರ್ಧಕ್ಕೆ ನಿಲ್ಲಿಸಿತು. ಕರಿಬಸವಯ್ಯ ಕುರ್ಚಿ ಸಮೇತ ಹಿಂದಕ್ಕೆ ಸರಿದು, ಮೂಗಿನ ಮೇಲೆ ಕರವಸ್ತ್ರ ಒತ್ತಿಕೊಂಡು, "ಇಂದುಧರಪ್ಪ, ನಿಮ್ಮ ಟೇಬಲ್ ನೆನಪಾಯ್ತು ಕಣ್ರೀ. ಅಲ್ಲೂ ಹಿಂಗೇ, ಎಲ್ಲಾ ಸಾಲಾಗಿ ಇರ್ತಿತ್ತು, ಒಂದೂ ಆಚೆಗೆ ಬರ್ತಿರ್ಲಿಲ್ಲ" ಎಂದರು.

ಆಗ ಕೊಬ್ಬರಿಮನೆಯ ಅಟ್ಟದಿಂದ ಕ್ಲುಕ್ ಕ್ಲುಕ್ ಎಂದು ಸದ್ದಾಯಿತು. ನಾಲ್ಕನೇ ನಂಬರಿನ ಕೋಳಿ ಅಟ್ಟದ ಅಂಚಿಗೆ ಬಂದು, ಕೆಳಗಿನ ತೆಂಗಿನ ಸಿಪ್ಪೆಯ ರಾಶಿಗೆ ಹಾರಿತು. ಅದರ ಹಿಂದೆಯೇ ಪುಳಕ್ ಪುಳಕ್ ಎಂದು ಒಂದು, ಎರಡು, ಐದು, ಎಂಟು, ಒಟ್ಟು ಹನ್ನೊಂದು ಮರಿಗಳು ಉದುರಿ, ಎದ್ದು, ಮೈ ಕೊಡವಿಕೊಂಡು ತಾಯಿಯ ಹಿಂದೆ ಸಾಲು ಹಿಡಿದು ತಿಪ್ಪೆಯ ಕಡೆ ನಡೆದವು. ಹೋಗುವ ದಾರಿಯಲ್ಲಿ ಒಂದು ಮರಿ ಇಂದುಧರಪ್ಪನವರ ಪಾದದ ಮೇಲೇ ಹತ್ತಿ ಇಳಿಯಿತು.

"ಇದು ಯಾವ ನಂಬರು?" ಎಂದು ಕರಿಬಸವಯ್ಯ ಕುರ್ಚಿಯ ಪಕ್ಕದಲ್ಲಿದ್ದ ರಿಜಿಸ್ಟರು ತೆಗೆದು ಹಾಳೆ ಮಗುಚಿದರು. ಗಟ್ಟಿಯಾಗಿ ಓದಿದರು. "ಮುಂಗುಸಿಯ ದಾಳಿಯಿಂದ ಮೃತ."

"ನಿನಗೆ ಗೊತ್ತಿತ್ತೇನೇ?" ಎಂದು ಇಂದುಧರಪ್ಪನವರು ಹೆಂಡತಿಯ ಕಡೆ ತಿರುಗಿದರು. ಕನ್ನಡಕದಿಂದ ಇನ್ನೂ ತೊಟ್ಟಿಕ್ಕುತ್ತಿತ್ತು.

"ದಿನಾ ನೀವು ಬಚ್ಚಲಿಗೆ ಹೋದಾಗ ಇಳಿದು ಬಂದು ರಾಗಿ ತಿಂದು ಹೋಗ್ತಿತ್ತು. ಹೇಳೋಕೆ ಬಂದೆ, ಬರೆದು ಕೊಡು ಅಂದ್ರಿ" ಎಂದರು ಮಹದೇವಮ್ಮ. "ತೊಳೀದೆ, ಸೈನ್ ಮಾಡ್ದೆ ಬಿಟ್ಟ ಮೊಟ್ಟೆ ನೋಡಿ, ಅದಕ್ಕೇ ಮರಿ ಆಗಿದೆ."

ಇಂದುಧರಪ್ಪನವರು ಹೇಗೋ ಎದೆ ಸೆಟೆಸಿದರು. ಎಷ್ಟಾದರೂ ಮರಿಗಳು ತಮ್ಮ ಹಿತ್ತಲಿನವು. ಕೊಟ್ಟ ಮಾತು ಉಳಿಸಿಕೊಳ್ಳಬಹುದು. "ನಾಲ್ಕು ಜೊತೆ ಅಂದಿದ್ದೆ, ಕೊಡ್ತೀನಿ. ಅದರಲ್ಲೇನಿದೆ? ನಾಲ್ಕನೇ ನಂಬರ್ ಕೋಳಿ ಬದುಕಿದೆ ಅಂತ ತಿದ್ದುಪಡಿ ಬರೆದು..." ಎಂದು ಜೇಬಿನಿಂದ ಪೆನ್ನು ತೆಗೆದರು.

"ಅದೆಂಗಾಯ್ತದೆ ಸಾಮಿ?" ಎಂದಳು ಕಮಲಾಕ್ಷಮ್ಮ.

ಗೋಡೆ ಬಿಟ್ಟು ಮುಂದೆ ಬಂದಳು. ದನಿ ಎತ್ತಲಿಲ್ಲ, ನಗಲಿಲ್ಲ. ಕರಿಬಸವಯ್ಯನವರ ಕೈಯಲ್ಲಿದ್ದ ಪುಸ್ತಕವನ್ನು ಬೆರಳಿನಿಂದ ತೋರಿಸಿದಳು.

"ಕೋಳಿ ಬದುಕಿರೋದು ನಂಗೆ ಕಾಣ್ತೈತೆ. ಪುಸ್ತಕಕ್ಕೆ ಕಾಣ್ತಿಲ್ವಲ್ಲ? ಸರ್ಟಿಪಿಕೇಟ್ ಬೇಕು. ಗೆಜೆಟೆಡ್ ಆಫೀಸರು ಹಸ್ರು ಇಂಕಲ್ಲಿ ಸೈನ್ ಮಾಡಿರ್ಬೇಕು. ನೀವು ಮಾಡಿದ್ರೆ ನಡೆಯಲ್ಲ."

ಇಂದುಧರಪ್ಪನವರು ಏನೋ ಹೇಳಲು ಬಾಯಿ ತೆರೆದರು. ಆ ವಾಕ್ಯ ತಮ್ಮದೇ ಎಂದು ನೆನಪಾಗಿ ಮುಚ್ಚಿದರು. ಇಷ್ಟು ವರ್ಷದಲ್ಲಿ ಮೊದಲ ಸಲ ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು.

ಕರಿಬಸವಯ್ಯನವರು ಕರವಸ್ತ್ರ ಕೆಳಗಿಳಿಸಿ, ರಿಜಿಸ್ಟರನ್ನು ಮಂಡಿಯ ಮೇಲೆ ಇಟ್ಟುಕೊಂಡು ಕೈ ಚಾಚಿದರು.

"ಆ ಪೆನ್ನು ಕೊಡಿ ಇಲ್ಲಿ."

ಇಂದುಧರಪ್ಪನವರು ಕೊಟ್ಟರು. 'ಖುದ್ದಾಗಿ ನೋಡಿದ್ದೇನೆ, ಬದುಕಿದೆ' ಎಂದು ಕರಿಬಸವಯ್ಯ ಬರೆದರು, ಉದ್ದಕ್ಕೆ ಸಹಿ ಎಳೆದರು, ಇಂಕು ಆರಲೆಂದು ಊದಿದರು. ಕಮಲಾಕ್ಷಮ್ಮ ಬಗ್ಗಿ ನೋಡಿ ತಲೆಯಾಡಿಸಿದಳು. ಆಮೇಲೆ ಕರಿಬಸವಯ್ಯನವರು ಹಳೆಯ ಅಭ್ಯಾಸಬಲದಿಂದ ಪೆನ್ನಿಗೆ ಕ್ಯಾಪು ಹಾಕಿ ತಮ್ಮ ಜೇಬಿಗೇ ಸಿಕ್ಕಿಸಿಕೊಂಡರು. ಇಂದುಧರಪ್ಪನವರು ಅದನ್ನು ನೋಡಿದರು, ವಾಪಸು ಕೇಳಲು ಒಂದು ಹೆಜ್ಜೆ ಮುಂದೆ ಇಟ್ಟರು.

"ಅಲ್ಲೇ ನಿಂತ್ಕೊಳ್ಳಿ" ಎಂದರು ಮಹದೇವಮ್ಮ. "ಹತ್ತಿರ ಬರ್ಬೇಡಿ. ಮೊದಲು ಹೋಗಿ ಸ್ನಾನ ಮಾಡಿ."