ನಮ್ಮ ಸಂಖ್ಯೆಗೆ ಬಿದ್ದ ಬೇರೆಯವರ ವಿಚ್ಛೇದನ

ಇಂದ:
ಮನೆಯಲ್ಲಿ ಗಂಡ, ತಮ್ಮ ದಾಖಲೆಯಲ್ಲಿ ವಿಚ್ಛೇದಿತ;
ತಕ್ಕಡಿ ಪರೀಕ್ಷಿಸುವ ಪ್ರಯೋಗಾಲಯದ ಸಹಾಯಕ

ಗೆ:
ವಿವಾಹ ನೋಂದಣಾಧಿಕಾರಿಗಳು,
ಎರಡನೇ ಮಹಡಿ (ಲಿಫ್ಟ್ ಕೆಟ್ಟಿದೆ)

ವಿಷಯ: ತಪ್ಪು ವಿಳಾಸಕ್ಕೆ ಬಂದ ವಿಚ್ಛೇದನವನ್ನು ವಾರಸುದಾರರಿಗೆ ತಲುಪಿಸುವ ಬಗ್ಗೆ.

ಉಲ್ಲೇಖ: ತಮ್ಮ ಗುಮಾಸ್ತರ ಮೌಖಿಕ ಉತ್ತರ: "ಕೂಡಿ ನೋಡಿದೀವಿ ಸಾರ್, ಸರಿ ಇದೆ."

ಮಾನ್ಯರೇ,

1. ಅರ್ಜಿದಾರನ ಮದುವೆಯ ನೋಂದಣಿ ಸಂಖ್ಯೆ 47381625. ಇನ್ನೊಂದು ದಂಪತಿಯದು 43781625. ವಿಚ್ಛೇದನ ಪಡೆದವರು ಅವರು. ಅದನ್ನು ದಾಖಲಿಸುವಾಗ ತಮ್ಮ ಕಚೇರಿಯಲ್ಲಿ ಏಳು ಮುಂದೆ ಬಂತು, ಮೂರು ಹಿಂದೆ ಸರಿಯಿತು. ಆದಕಾರಣ, ದಾಖಲೆಯಲ್ಲಿ ಬೇರೆಯಾದದ್ದು ಅರ್ಜಿದಾರ ಮತ್ತು ಅವನ ಹೆಂಡತಿ.

2. ಅಂಕಿಗಳನ್ನು ಕೂಡಿ, ಮೊತ್ತ ಒಂಬತ್ತಕ್ಕೆ ಶೇಷವಿಲ್ಲದೆ ಹೋದರೆ ಸಂಖ್ಯೆ ಸರಿ ಎಂಬುದು ತಮ್ಮ ಪದ್ಧತಿ. ಎರಡರ ಮೊತ್ತವೂ ಮೂವತ್ತಾರು. ಅಂಕಿಗಳು ಜಾಗ ಬದಲಿಸಿದರೆ ಮೊತ್ತ ಬದಲಾಗದು. ಆದ್ದರಿಂದ ಒಂಬತ್ತು ಈ ತಪ್ಪನ್ನು ಎಂದೂ ಹಿಡಿಯಲಾರದು. ಹನ್ನೊಂದರಿಂದ ಭಾಗಿಸಿದ್ದರೆ ನಮ್ಮದಕ್ಕೆ ಐದು, ಅವರದಕ್ಕೆ ಎಂಟು ಶೇಷ ಉಳಿದು, ಗುಟ್ಟು ಅಲ್ಲೇ ರಟ್ಟಾಗುತ್ತಿತ್ತು. ಇದನ್ನು ವಿವರಿಸಿದಾಗ ಗುಮಾಸ್ತರು, "ಒಂಬತ್ತಕ್ಕೆ ಸುತ್ತೋಲೆ ಇದೆ ಸಾರ್. ಹನ್ನೊಂದಕ್ಕೆ ಇನ್ನೂ ಬಂದಿಲ್ಲ" ಎಂದರು.

3. ಅರ್ಜಿದಾರನು ರಜೆ ಹಾಕಿ ಎರಡೂ ಸಂಖ್ಯೆಗಳನ್ನು ಒಡೆದು ನೋಡಿದ್ದಾನೆ. ನಮ್ಮದರಲ್ಲಿ ಮೂರು, ಐದುಗಳ ಜೊತೆಗೆ 101 ಮತ್ತು 139 ಎಂಬ ಎರಡು ಅವಿಭಾಜ್ಯಗಳಿವೆ. ಒಂದಕ್ಕೊಂದು ಯಾವ ಸಾಮ್ಯವೂ ಇಲ್ಲ, ಆದರೂ ಒಂದೇ ಸಂಖ್ಯೆಯಲ್ಲಿ ಬಾಳಿಕೊಂಡಿವೆ. ಅವರದರಲ್ಲಿ ಅದೇ ಮೂರು, ಐದುಗಳ ಜೊತೆಗೆ 38917 ಎಂಬ ಒಂದೇ ದೊಡ್ಡ ಅವಿಭಾಜ್ಯವಿದೆ. ಏನು ಮಾಡಿದರೂ ಒಡೆಯದು. ಅವರನ್ನು ಬೇರೆ ಮಾಡಲು ತಮ್ಮ ಕಚೇರಿಗೆ ಆಗದಿದ್ದುದಕ್ಕೆ ಇದೇ ಕಾರಣವಿರಬಹುದೇ ಎಂಬುದು ಅರ್ಜಿದಾರನ ವಿನಮ್ರ ಸಂದೇಹ.

4. ಆ ದಂಪತಿಯ ಗಂಡ ಕಳೆದ ವಾರ ತಮ್ಮ ಕಚೇರಿಯ ಸಾಲಿನಲ್ಲೇ ಸಿಕ್ಕಿ, "ನಮ್ಮ ವಿಚ್ಛೇದನ ನಿಮ್ಮತ್ರ ಇದೆಯಂತೆ. ಕೊಟ್ಬಿಡಿ ಸಾರ್, ನಿಮಗೇನು ಉಪಯೋಗ ಅದರಿಂದ?" ಎಂದು ಕೇಳಿದ್ದಾರೆ. ಮನೆಯಲ್ಲಿ ಅರ್ಜಿದಾರನ ಹೆಂಡತಿ, "ಪರಪುರುಷರು ಅಡುಗೆಮನೆಗೆ ಬರಬಾರದು ಕಣ್ರೀ. ಪಾತ್ರೆ ತೊಳೆಯೋದಾದ್ರೆ ಬನ್ನಿ" ಎನ್ನುತ್ತಾಳೆ.

5. ಆದರೆ ಮೊನ್ನೆಯಿಂದ ಆಕೆ ತಮಾಷೆ ನಿಲ್ಲಿಸಿದ್ದಾಳೆ. ಅನಾಥಾಲಯದ ಮೂರು ವರ್ಷದ ಹುಡುಗಿಯನ್ನು ದತ್ತು ಪಡೆಯಲು ನಾವು ಅರ್ಜಿ ಹಾಕಿದ್ದೇವೆ. ಬರುವ ಸೋಮವಾರ ವಿಚಾರಣೆ. ಅಲ್ಲಿಯವರು ತಮ್ಮ ದಾಖಲೆಯನ್ನೇ ನಂಬುತ್ತಾರೆ. "ಇನ್ನೊಂದ್ಸಲ ಮದುವೆ ಆಗ್ಬಿಡಿ ಸಾರ್, ತಿದ್ದೋದಕ್ಕಿಂತ ಅದೇ ಸುಲಭ" ಎಂದು ಗುಮಾಸ್ತರು ದಾರಿ ತೋರಿದರು. ಆದರೆ ಮದುವೆಯಾಗಿ ಎರಡು ವರ್ಷ ತುಂಬದವರಿಗೆ ಮಗುವನ್ನು ಕೊಡುವುದಿಲ್ಲ. ಹುಡುಗಿ ಆಗಲೇ ತನ್ನ ಬಟ್ಟೆ ಚೀಲ ಬಾಗಿಲ ಬಳಿ ತಂದಿಟ್ಟುಕೊಂಡಿದ್ದಾಳಂತೆ.

ಆದ್ದರಿಂದ, ಸೋಮವಾರಕ್ಕೆ ಮುಂಚೆ ಏಳನ್ನೂ ಮೂರನ್ನೂ ಅವುಗಳ ಜಾಗದಲ್ಲಿ ಕೂರಿಸಿ, ಬೇಕಾದವರಿಗೆ ವಿಚ್ಛೇದನವನ್ನೂ ಅದು ಬೇಡವಾದವರಿಗೆ ಮದುವೆಯನ್ನೂ ಮರಳಿಸಬೇಕಾಗಿ ಕೋರಿಕೆ.

ತಮ್ಮ ವಿಶ್ವಾಸಿ,
(ಸಹಿ)
ಸಾಕ್ಷಿ ಸಹಿ: ತಮ್ಮ ದಾಖಲೆಯ ಪ್ರಕಾರ ಈತನಿಗೆ ಏನೂ ಆಗಬೇಕಾಗಿಲ್ಲದ ಮಹಿಳೆ

ಲಗತ್ತುಗಳು:
ಅ) ಮೂಲ ವಿವಾಹ ಪ್ರಮಾಣಪತ್ರ.
ಆ) ಹನ್ನೊಂದರ ಭಾಗಾಕಾರ, ಗುಮಾಸ್ತರಿಗೆ ಅರ್ಥವಾಗುವಂತೆ ದೊಡ್ಡ ಅಕ್ಷರಗಳಲ್ಲಿ.
ಇ) ಹುಡುಗಿ ಬಿಡಿಸಿದ ಚಿತ್ರ. ಅದರಲ್ಲಿ ಮೂವರಿದ್ದಾರೆ. ಈ ಮೊತ್ತ ಒಂಬತ್ತಕ್ಕೆ ಹೋಗುವುದಿಲ್ಲ. ಆದರೂ ಸರಿ ಇದೆ ಎಂದು ಸ್ವೀಕರಿಸಬೇಕಾಗಿ ವಿನಂತಿ.