ಅತ್ತೆಯ ಕರೆಂಟು ಡಬ್ಬಿಗಳು

ನಮ್ಮ ನೆಂಟರಲ್ಲಿ ಯಾರ ಮನೆಯ ಕಂಪ್ಯೂಟರ್ ಸತ್ತರೂ ವಿಚಾರಿಸಿಕೊಳ್ಳುವ ಮೊದಲ ಫೋನು ನನ್ನ ಸೋದರತ್ತೆಯದು! ಸುದ್ದಿ ಅವರಿಗೆ ಹೇಗೆ ಮುಟ್ಟುತ್ತಿತ್ತೋ, ದೇವರೇ ಬಲ್ಲ. "ಪೂರ್ತಿ ಹೋಯ್ತಾ? ರಿಪೇರಿ ಆಗಲ್ವಂತಾ?" ಎಂದು ಕೇಳುವಾಗ ದನಿಯಲ್ಲಿ ಎಂಥ ಲವಲವಿಕೆ ಅಂತೀರಿ!

ಅವರ ಕಣ್ಣಿದ್ದದ್ದು ಕಂಪ್ಯೂಟರಿನೊಳಗೆ ಕರೆಂಟು ಹಂಚುವ ಕಬ್ಬಿಣದ ಡಬ್ಬಿಯ ಮೇಲೆ. ಮದುವೆಯಾಗದೆ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ರಿಟೈರಾಗಿದ್ದ ಅತ್ತೆ ಚಾಮರಾಜಪುರಂನ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಒಬ್ಬರೇ ಎಂದರೆ ತಪ್ಪಾದೀತು. ಜೊತೆಗೆ ಹದಿನಾಲ್ಕು ಡಬ್ಬಿಗಳಿದ್ದವು!

ಕಂಪ್ಯೂಟರಿನಿಂದ ಬಿಚ್ಚಿದ ಆ ಡಬ್ಬಿ ತಾನಾಗಿ ಚಾಲೂ ಆಗುವುದಿಲ್ಲ. ಅದರ ಹಸಿರು ತಂತಿಯನ್ನೂ ಕಪ್ಪು ತಂತಿಯನ್ನೂ ಸೇರಿಸಬೇಕು. ಅತ್ತೆ ತಲೆಯಿಂದ ಹೇರ್‌ಪಿನ್ ತೆಗೆದು ಎರಡಕ್ಕೂ ಸಿಕ್ಕಿಸುತ್ತಿದ್ದರು. ಗುರ್ರೆಂದು ಫ್ಯಾನು ತಿರುಗಿತೋ, "ನೋಡ್ದ್ಯಾ? ಜಾತಕ ಕೇಳಲ್ಲ, ಏನಿಲ್ಲ!" ಎಂದು ನಗುತ್ತಿದ್ದರು. ನಾವೂ ನಗುತ್ತಿದ್ದೆವು.

ಒಮ್ಮೆ ಗುಜರಿಯಿಂದ ಕಾರಿನ ಟೇಪ್ ರೆಕಾರ್ಡರ್ ತಂದು, ಕಾರಿನ ಬ್ಯಾಟರಿಯಷ್ಟೇ ಕರೆಂಟು ಕೊಡುವ ಡಬ್ಬಿಗೆ ಜೋಡಿಸಿ ಹಾಡು ಹಾಕಿದರು.

"ಟೇಪೇನೋ ಬಂತು. ಕಾರೆಲ್ಲಿ ಅತ್ತೆ?" ಎಂದೆ.

"ಕಾರ್ ಯಾಕೋ? ಹೋಗೋಕೆ ಒಂದು ಜಾಗ ಇರ್ಬೇಕಲ್ಲ!"

ಇನ್ನೊಮ್ಮೆ ಬಾಗಿಲಿನ ಬೆಲ್ಲು ಕೆಟ್ಟಾಗ, ಅದರ ಜಾಗದಲ್ಲಿ ಸ್ಕೂಟರ್ ಹಾರ್ನ್ ಕೂರಿಸಿ ಇನ್ನೊಂದು ಡಬ್ಬಿಗೆ ಜೋಡಿಸಿದರು. ಪಾಪ, ಮೊದಲು ಒತ್ತಿದವನು ಪೋಸ್ಟ್‌ಮ್ಯಾನ್. ಕಾಗದಗಳೆಲ್ಲ ಅಂಗಳಕ್ಕೆ ಹಾರಿದವು. "ಅಮ್ಮಾವ್ರೇ, ಎದೆ ಒಡ್ದೋಯ್ತಲ್ಲ! ಇನ್ಮೇಲೆ ಗೇಟಲ್ಲೇ ಹಾಕ್ಬುಟ್ಟು ಹೋಯ್ತೀನಿ ಕಣ್ರೀ." ಕಾಫಿಪುಡಿ ಕೇಳಲು ಬರುತ್ತಿದ್ದ ಪಕ್ಕದ ಮನೆಯಾಕೆಯೂ ಬರುವುದನ್ನು ಬಿಟ್ಟರು. "ಶಬ್ದ ಜಾಸ್ತಿ ಆಯ್ತೇನೋ" ಎಂದು ಅತ್ತೆ ಹಾರ್ನಿಗೆ ಹತ್ತಿ ತುರುಕಿದರು. ಆದರೂ ಯಾರೂ ಬರಲಿಲ್ಲ. ದಿನಕ್ಕೊಮ್ಮೆ ತಾವೇ ಹೊರಗೆ ಹೋಗಿ ಒತ್ತಿ ನೋಡುತ್ತಿದ್ದರಂತೆ, ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ! ಇದನ್ನು ನಾನು ಸಿದ್ಧಾರ್ಥನಗರದ ನಮ್ಮ ಮನೆಯಲ್ಲಿ ಅಭಿನಯಿಸಿ ತೋರಿಸಿ ಎಲ್ಲರನ್ನೂ ನಗಿಸಿದ್ದೇನೆ.

ಒಂದು ಭಾನುವಾರ ಬೆಳಿಗ್ಗೆ ಅತ್ತೆಯ ಫೋನು ಬಂತು.

"ನಿನ್ ಕಂಪ್ಯೂಟರ್ ಎಂಗಿದ್ಯೋ?"

"ಚೆನ್ನಾಗಿದೆ ಅತ್ತೆ. ಹೊಸದು ತಗೊಂಡ್ವಲ್ಲ."

"ಓ... ಹೊಸದಾ. ಕೆಡೋ ಲಕ್ಷಣ ಏನೂ ಇಲ್ವಾ?"

"ಇಲ್ಲ ಅತ್ತೆ."

"ಸರಿ ಬುಡು. ಚೆನ್ನಾಗಿರ್ಲಿ."

ಫೋನಿಟ್ಟೆ. ನಗುತ್ತಲೇ ಹೆಂಡತಿಗೆ ಹೇಳಲು ಹೊರಟವನು ನಡುವೆಯೇ ನಿಂತುಬಿಟ್ಟೆ. ಎರಡು ವರ್ಷದಲ್ಲಿ ನಾನು ಅತ್ತೆಯ ಮನೆಗೆ ಹೋದದ್ದು ಮೂರೇ ಸಲ. ಮೂರು ಸಲವೂ ಕೆಟ್ಟ ಕಂಪ್ಯೂಟರಿನ ಡಬ್ಬಿ ಕೊಡಲು.

ಸ್ಕೂಟರ್ ತೆಗೆದೆ. ಅತ್ತೆ ಬಾಗಿಲು ತೆರೆದವರೇ ನನ್ನ ಕೈ ನೋಡಿದರು, ಆಮೇಲೆ ಸ್ಕೂಟರಿನ ಕಡೆ ಬಗ್ಗಿ ನೋಡಿದರು.

"ಡಬ್ಬಿ ಎಲ್ಲೋ?"

"ತಂದಿಲ್ಲ."

"ಮತ್ತ್ಯಾಕೆ ಬಂದೆ?"

"ಸುಮ್ನೆ ಬಂದೆ ಅತ್ತೆ."

ಅತ್ತೆ ಒಳಗೆ ಹೋಗಿ, ಕುರ್ಚಿಯ ಮೇಲಿದ್ದ ಸಾಮಾನನ್ನೆಲ್ಲ ಒಂದೊಂದಾಗಿ ನೆಲಕ್ಕಿಳಿಸಿದರು. ಸೆರಗಿನಿಂದ ಕುರ್ಚಿ ಒರೆಸಿದರು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು. ಅಡುಗೆಮನೆಗೆ ಹೊರಟವರು ಬಾಗಿಲಲ್ಲೇ ನಿಂತು, ನನ್ನ ಕಡೆ ತಿರುಗದೆ ಹೇಳಿದರು:

"ಸುಮ್ನೆ ಬಂದೋರಿಗೆ ಏನ್ ಮಾಡ್ಕೊಡ್ಬೇಕು ಅಂತ್ಲೇ ಮರ್ತೋಗಿದೆ ಕಣೋ."